ಐದು ಹೆಸರಿನ ಪರಂಗಿ

ನನ್ನ ಹೆಸರು ಕಾರ್ವೆಲ್. ಊರವರ ಬಾಯಲ್ಲಿ ಅದು ಕಾರ್ವೆಲ್ಲಮ್ಮ ಆಗಿದೆ. ಮೂವತ್ತು ದಾಟುವ ತನಕ ನನಗೆ ಹೆಸರೇ ಇರಲಿಲ್ಲ. ಹಾಗೆಂದರೆ ನಮ್ಮೂರಿನವರು ಯಾರೂ ಹುಬ್ಬೇರಿಸುವುದಿಲ್ಲ, ಹೊರಗಿನವರು ಮಾತ್ರ ಮುಖ ಮುಖ ನೋಡುತ್ತಾರೆ. ಅದಕ್ಕೇ ಮೊದಲು ಊರಿನ ವಿಷಯ ಹೇಳಿ ಆಮೇಲೆ ಸಾಹೇಬರ ವಿಷಯಕ್ಕೆ ಬರುತ್ತೇನೆ.

ನಮ್ಮೂರಿನಲ್ಲಿ ಹೆಸರುಗಳಿಗೆ ಬರ. ಹೊಸದಾಗಿ ಒಂದು ಹೆಸರು ಕಟ್ಟಿ ಮಗುವಿಗೆ ಇಟ್ಟರೆ ಬೆಳಗಾಗುವುದರೊಳಗೆ ಅದು ಎಲ್ಲರ ನಾಲಿಗೆಯಿಂದಲೂ ಜಾರಿಹೋಗಿರುತ್ತದೆ, ಹೆತ್ತವಳಿಗೂ ನೆನಪಿರುವುದಿಲ್ಲ. ಇರುವ ಹೆಸರೇ ಕೈಯಿಂದ ಕೈಗೆ ಬರಬೇಕು. ಹೊತ್ತವರು ತಾವಾಗಿ ಇನ್ನೊಬ್ಬರ ಕಿವಿಯಲ್ಲಿ ಅದನ್ನು ಉಸುರಬೇಕು. ಉಸುರಿದ ಕ್ಷಣಕ್ಕೆ ಕೊಟ್ಟವರು ಬರಿದಾಗುತ್ತಾರೆ, ಪಡೆದವರು ತುಂಬಿಕೊಳ್ಳುತ್ತಾರೆ. ಹೀಗಾಗಿ ಮುದುಕರು ಹಾಸಿಗೆ ಹಿಡಿದರೆ ಮೊಮ್ಮಕ್ಕಳು ಮಂಚದ ಬಳಿಯಿಂದ ಏಳುವುದಿಲ್ಲ. ಹಠಾತ್ತನೆ ಸತ್ತವರ ಹೆಸರು ಅವರ ಜೊತೆಗೇ ಮಣ್ಣಾಗುತ್ತದೆ. ಒಂದು ಮಾರಿಬೇನೆ, ಎರಡು ಕಾಳಗ, ಒಂದು ನೆರೆ, ಇಷ್ಟರಲ್ಲಿ ಊರಿನ ಅರ್ಧ ಹೆಸರುಗಳು ಹೊರಟುಹೋಗಿದ್ದವು. ನಮ್ಮಪ್ಪ ದ್ಯಾವಣ್ಣ ಕೋಟೆಯ ಎತ್ತುಗಳನ್ನು ನೋಡಿಕೊಳ್ಳುತ್ತಿದ್ದ. ಇಳಿಜಾರಿನಲ್ಲಿ ಗಾಡಿ ಮಗುಚಿ ಅವನು ಅಲ್ಲೇ ಸತ್ತ. ಅವನ ಹೆಸರು ಅಣ್ಣನಿಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ. ಅಣ್ಣ ಎತ್ತಿನ ಮನೆಯ ದೊಡ್ಡವನಾಗಿ ಉಳಿದ, ನಾನು ಎತ್ತಿನ ಮನೆಯವಳಾಗಿ ಉಳಿದೆ.

ಹೆಸರಿಲ್ಲದಿದ್ದರೆ ಬದುಕು ನಿಲ್ಲುವುದಿಲ್ಲ. ಉಣ್ಣುತ್ತೇವೆ, ದುಡಿಯುತ್ತೇವೆ, ಜಗಳವಾಡುತ್ತೇವೆ. ಆದರೆ ಮದುವೆ ಇಲ್ಲ, ಯಾಕೆಂದರೆ ಮಂಟಪದಲ್ಲಿ ಕೂಗಲು ಏನೂ ಇರುವುದಿಲ್ಲ. ಸತ್ತರೆ ಚಿತೆಯ ಮುಂದೆ ಕೂಗಲೂ ಏನಿಲ್ಲ. ಇನ್ನೊಂದು ವಿಚಿತ್ರವುಂಟು. ಹೆಸರಿಲ್ಲದವರು ಅಪ್ಪಣೆ ಕೊಟ್ಟರೆ ಯಾರ ಕಾಲೂ ಕದಲುವುದಿಲ್ಲ. ಮಾತು ಕೇಳಿಸುತ್ತದೆ, ಅರ್ಥವಾಗುತ್ತದೆ, ಮೈ ಮಾತ್ರ ಏಳುವುದಿಲ್ಲ. ಎತ್ತುಗಳಿಗೆ ಈ ತೊಂದರೆ ಇರಲಿಲ್ಲ. ನಾನು ಎತ್ತುಗಳನ್ನು ಹೆಚ್ಚು ಪ್ರೀತಿಸಿದ್ದು ಅದಕ್ಕೇ ಇರಬೇಕು.

ಸಾಹೇಬರು ಬಂದದ್ದು ಸುಗ್ಗಿ ಮುಗಿದ ಕಾಲದಲ್ಲಿ. ಕುಂಟುವ ಕುದುರೆ, ಬಣ್ಣ ಹೋದ ನೀಲಿ ನಿಲುವಂಗಿ, ಎಡಗಿವಿ ಅರ್ಧ ಇಲ್ಲ. ಆದರೂ ಕುದುರೆಯ ಮೇಲೆ ಕೂತ ಠೀವಿ ನೋಡಿ ಬಾಗಿಲ ಕಾವಲಿನ ಮಲಿಯಪ್ಪ ತಾನಾಗಿ ಎದ್ದು ನಿಂತ. ಹೊರಗಿನವರು ಹೆಸರು ಹೇಳದೆ ಒಳಗೆ ಬರುವಂತಿಲ್ಲ. ಮಲಿಯಪ್ಪ ಕೇಳಿದ. ಪರಂಗಿ ಸಾಹೇಬರು ಟೋಪಿ ತೆಗೆದು ಎದೆಗೆ ಹಿಡಿದು, ನಿಧಾನವಾಗಿ, ಒಂದೊಂದನ್ನೂ ಬಿಡಿಸಿ ಹೇಳಿದರು.

“ಗಾಸ್ಪಾರ್ ಎತಿಯೆನ್ ಓಗುಸ್ತ್ ರೆಮಿ ದ ಕಾರ್ವೆಲ್.”

ಮಲಿಯಪ್ಪ ಅವರ ಹಿಂದಿನ ದಾರಿಯನ್ನು ಬಗ್ಗಿ ನೋಡಿದ. “ಸರಿ ಸಾಮಿ. ಮಿಕ್ಕ ನಾಲ್ಕು ಜನ ಎಲ್ಲವ್ರೆ?”

“ನಾನು ಒಬ್ಬನೇ,” ಎಂದರು ಅವರು. ಕರಾವಳಿಯಲ್ಲಿ ಕಲಿತ ಕನ್ನಡ, ಪದ ಪದ ಬಿಡಿ ಬಿಡಿ.

ಒಬ್ಬನೇ ಮನುಷ್ಯನ ಮೇಲೆ ಐದು ಹೆಸರು! ಸುದ್ದಿ ಅವರ ಕುದುರೆಗಿಂತ ಮೊದಲು ಅರಮನೆ ತಲುಪಿತು. ಬೀದಿಯ ಎರಡೂ ಬದಿಗೆ ಜನ ಕಿಕ್ಕಿರಿದರು. ಹೆಸರಿಲ್ಲದ ಕೂಸುಗಳನ್ನು ಸೊಂಟದ ಮೇಲೆ ಹೊತ್ತ ತಾಯಂದಿರು ಕುದುರೆಯ ಹಿಂದೆಯೇ ನಡೆದರು. ತಮ್ಮ ಮನೆತನದ ಕೀರ್ತಿ ಇಷ್ಟು ದೂರ ಬಂದಿದೆಯಲ್ಲ ಎಂದು ಸಾಹೇಬರು ಅಂದು ಎಡಕ್ಕೂ ಬಲಕ್ಕೂ ತಲೆ ಬಾಗಿಸುತ್ತಾ ಹೋದರಂತೆ. ಮುಂದೆ ಇದನ್ನು ಅವರೇ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಮ್ಮ ದೊರೆ ಕೆಂಚನಾಯಕರು ಅವರನ್ನು ತೋಪುಗಳ ದಳವಾಯಿ ಮಾಡಿಕೊಂಡರು. ಹೆಬ್ಬಾವಿನಂಥ ಹಳೇ ತೋಪುಗಳು ಬುರುಜುಗಳ ಮೇಲೆ ಬಿದ್ದಿದ್ದವು, ಗುರಿ ಹಿಡಿಯಲು ಬಲ್ಲವರಿರಲಿಲ್ಲ. ತೋಪು ಎಂದರೆ ಎತ್ತು, ಎತ್ತು ಎಂದರೆ ನಮ್ಮ ಮನೆ. ಹಾಗೆ ಅಣ್ಣನೂ ನಾನೂ ಅವರ ಕೈಕೆಳಗೆ ಬಂದೆವು. ಮೊದಲ ದಿನವೇ ಅವರು ನನಗೆ “ನೀವು” ಎಂದರು. ಹಿಂದೆ ಯಾರಾದರೂ ದೊಡ್ಡವರು ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಅವರು ದೊರೆಗೂ ನೀವು ಎನ್ನುತ್ತಿದ್ದರು, ಸಗಣಿ ಬಾಚುವವರಿಗೂ ನೀವು ಎನ್ನುತ್ತಿದ್ದರು. ಕೊನೆಯ ತನಕ ಅದನ್ನು ಬದಲಿಸಲಿಲ್ಲ.

ಅವರ ಹಿಂದಿನ ಬದುಕನ್ನು ನಾನು ಚೂರು ಚೂರಾಗಿ ಕೇಳಿದ್ದು, ತೋಪಿನ ಗಾಲಿಗೆ ಎಣ್ಣೆ ಹಚ್ಚುವಾಗ, ಎತ್ತಿಗೆ ನೀರು ಕುಡಿಸುವಾಗ. ಅವರದು ಹೊಳೆಯ ದಂಡೆಯ ಕಲ್ಲುಮನೆ. ಅವರ ಮುತ್ತಜ್ಜನ ಮುತ್ತಜ್ಜ ಒಂದು ಸೇತುವೆಯ ಮೇಲೆ ಒಬ್ಬನೇ ನಿಂತು, ಅರಸನ ಸೈನ್ಯ ಹೊಳೆ ದಾಟುವ ತನಕ ಶತ್ರುಗಳನ್ನು ತಡೆದಿದ್ದನಂತೆ. ಅರಸ ಅವನಿಗೆ ಕೊಟ್ಟದ್ದು ಆ ನೆಲ ಮತ್ತು ಆ ಹೆಸರು. ಮನೆಯ ಬಾಗಿಲ ಮೇಲೆ ಅದನ್ನು ಕಲ್ಲಿನಲ್ಲಿ ಕೊರೆದಿದೆ. ಸಾಹೇಬರು ಕಿರಿಯ ಮಗ. ನೆಲ ಅಣ್ಣನಿಗೆ, ಕತ್ತಿ ತಮ್ಮನಿಗೆ ಎಂಬುದು ಅವರ ಕಡೆಯ ಕಟ್ಟಳೆ. ಮೀಸೆ ಮೂಡುವ ಮೊದಲೇ ದಂಡಿನ ಬಾವುಟ ಹಿಡಿದರು. ಮೊದಲ ಕಾಳಗದಲ್ಲಿ ಅರ್ಧ ಕಿವಿ ಹೋಯಿತು, ಬಾವುಟ ಉಳಿಯಿತು. ಹಿಮ ಬಿದ್ದ ಬಯಲುಗಳಲ್ಲಿ, ಕೆಸರು ತುಂಬಿದ ಕಂದಕಗಳಲ್ಲಿ ಬಡ್ತಿ ಪಡೆಯುತ್ತಾ ಪಡೆಯುತ್ತಾ ಒಂದು ಇಡೀ ಪಡೆಗೆ ನಾಯಕರಾದರು.

ಅದು ಕೈತಪ್ಪಿದ್ದು ಹೇಗೆ ಎಂದು ಕೇಳಿದಾಗ ಅವರು ಗಾಲಿಗೆ ಎಣ್ಣೆ ಹಚ್ಚುತ್ತಲೇ ಹೇಳಿದರು. ಒಂದು ಊರಿಗೆ ಮುತ್ತಿಗೆ ಹಾಕಿದ್ದರು. ಶರಣಾದರೆ ಯಾರ ಕೂದಲೂ ಕೊಂಕುವುದಿಲ್ಲ ಎಂದು ಊರವರಿಗೆ ಮಾತು ಕೊಟ್ಟವರು ಇವರೇ. ಊರು ಬಾಗಿಲು ತೆರೆಯಿತು. ಮೇಲಿನ ಸೇನಾಪತಿ ಮಾತ್ರ ಸೂರೆಗೆ ಅಪ್ಪಣೆ ಕೊಟ್ಟ. ಇವರು ತಮ್ಮದೇ ದಂಡಿಗೆ ಎದುರಾಗಿ ಆ ಬಾಗಿಲಲ್ಲಿ ಕತ್ತಿ ಹಿರಿದು ನಿಂತರು.

“ಆಮೇಲೆ?”

“ಆಮೇಲೆ ಯಾರೂ ಒಳಗೆ ಹೋಗಲಿಲ್ಲ,” ಎಂದರು. “ನನ್ನ ಜನ ಒಬ್ಬೊಬ್ಬರೇ ಬಂದು ನನ್ನ ಪಕ್ಕದಲ್ಲಿ ನಿಂತರು. ಊರು ಉಳಿಯಿತು. ನನ್ನ ಕೆಲಸ ಉಳಿಯಲಿಲ್ಲ. ಮನೆತನದ ಮರ್ಯಾದೆಗಾಗಿ ತಲೆ ತೆಗೆಯಲಿಲ್ಲ, ಹಡಗು ಹತ್ತು ಎಂದರು.”

ಹೀಗೆ ಹೇಳುವಾಗ ಅವರ ದನಿಯಲ್ಲಿ ಬೇಸರದ ಸುಳಿವೂ ಇರಲಿಲ್ಲ. ಸೇತುವೆಯ ಅಜ್ಜನ ಕತೆಯನ್ನು ಯಾವ ಬಿಗುವಿನಲ್ಲಿ ಹೇಳಿದ್ದರೋ ಇದನ್ನೂ ಅದೇ ಬಿಗುವಿನಲ್ಲಿ ಹೇಳಿದರು.

ಅವರು ಬಂದ ವರ್ಷದ ಕೊನೆಗೆ ಅಣ್ಣ ಸತ್ತ. ಹಳೇ ತೋಪೊಂದನ್ನು ಪರೀಕ್ಷೆಗೆ ಹಾರಿಸುವಾಗ ಅದು ಹಿಂಬದಿಯಲ್ಲಿ ಸೀಳಿತು. ಪಕ್ಕದಲ್ಲಿದ್ದ ಕಮ್ಮಾರರವನ ತೋಳು ಸುಟ್ಟಿತು, ಅಣ್ಣ ಉಳಿಯಲಿಲ್ಲ. ಚಿತೆಯ ಹತ್ತಿರ ಸಾಹೇಬರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ದಂಡಿನಲ್ಲಿ ಸತ್ತ ಪ್ರತಿಯೊಬ್ಬನ ಹೆಸರನ್ನೂ ನಾಯಕ ಗಟ್ಟಿಯಾಗಿ ಕೂಗುವ ಪದ್ಧತಿಯಿತ್ತಂತೆ. ಅವರು ಬಾಯಿ ತೆರೆದರು. ಕೂಗಲು ಏನೂ ಇರಲಿಲ್ಲ. ನನ್ನ ಕಡೆ ನೋಡಿದರು, ನಾನು ತಲೆಯಾಡಿಸಿದೆ. ಹೆಸರಿಲ್ಲ ಎನ್ನುವುದು ಬರೀ ಬಡವರ ಅಡ್ಡಹೆಸರಿನ ಮಾತಲ್ಲ ಎಂದು ಅವರಿಗೆ ಅರ್ಥವಾದದ್ದು ಆ ಗಳಿಗೆಯಲ್ಲಿ.

ಮರುದಿನ ಬೆಳಗ್ಗೆ ಕೊಟ್ಟಿಗೆಗೆ ಬಂದರು. ನಾನು ಹುಲ್ಲು ಕತ್ತರಿಸುತ್ತಿದ್ದೆ.

“ನನ್ನ ಬಳಿ ಐದಿವೆ,” ಎಂದರು. “ಒಂದನ್ನು ನಿಮಗೆ ಕೊಡುತ್ತೇನೆ. ನಿಮ್ಮ ಅಣ್ಣನಿಗೆ ಕೊಡಬೇಕಿತ್ತು, ನನಗೆ ತಿಳಿಯಲಿಲ್ಲ.”

ನನಗೆ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕಮ್ಮಾರರವನು ಕಣ್ಣ ಮುಂದೆ ಬಂದ. ಅವನೂ ಹೆಸರಿದ್ದ ಗಾಣದ ಮನೆಯ ಹೆಣ್ಣೂ ಒಬ್ಬರಿಗೊಬ್ಬರು ಕಾಯುತ್ತಲೇ ಅರ್ಧ ಆಯಸ್ಸು ಕಳೆದಿದ್ದರು. “ಬ್ಯಾಡ ಸಾಹೇಬ್ರೇ,” ಎಂದೆ. “ಅಣ್ಣನ ಜತೆ ಸುಟ್ಕೊಂಡೋನಿಗೆ ಕೊಡ್ರಿ. ಅವನ ಲಗ್ನ ಆಗ್ಲಿ. ನಾನು ಲಗ್ನಕ್ಕೇನು ಕಾಯ್ತಿಲ್ಲ, ಎತ್ತುಗಳು ನನ್ನ ಮಾತು ಕೇಳ್ತವೆ.”

ಅವರು ಟೋಪಿ ಹಾಕಿಕೊಂಡು ಹೋದರು. ಎತಿಯೆನ್ ಎಂಬುದು ಕಮ್ಮಾರರವನ ಕಿವಿಗೆ ಹೋಗಿ ಎತ್ಯಾನಪ್ಪ ಆಯಿತು. ಆ ವಾರವೇ ಮದುವೆ. ಮಂಟಪದಲ್ಲಿ “ಎತ್ಯಾನಪ್ಪ” ಎಂದು ಕೂಗಿದಾಗ ಊರಿಗೆ ಊರೇ ಹೋ ಎಂದು ಅರಚಿತು, ಸಾಹೇಬರ ಕಣ್ಣು ಒದ್ದೆಯಾಯಿತು. ರೆಮಿ ಎಂಬುದನ್ನು ಒಂದು ಹೆಣ್ಣುಕೂಸಿಗೆ ಕೊಟ್ಟರು. ಓಗುಸ್ತ್ ಎಂಬುದನ್ನು ಅರ್ಧ ಊರಿನ ಹೆರಿಗೆ ಮಾಡಿಸಿ ತಾನು ಹೆಸರಿಲ್ಲದೆ ಹಣ್ಣಾಗಿದ್ದ ಸೂಲಗಿತ್ತಿ ಅಜ್ಜಿಗೆ ಕೊಟ್ಟರು. ಅವಳು ಅಗಸ್ತವ್ವನಾಗಿ, ಸಿಕ್ಕಸಿಕ್ಕವರ ಕೈಲಿ ಕರೆಸಿಕೊಳ್ಳುತ್ತಾ ಬೀದಿ ತುಂಬ ಓಡಾಡಿದಳು.

ಉಳಿದದ್ದು ಗಾಸ್ಪಾರ್ ಮತ್ತು ಕಾರ್ವೆಲ್. ಕೇಳಿಕೊಂಡು ಬಂದವರಿಗೆ ಅವರು ಸ್ಪಷ್ಟವಾಗಿ ಹೇಳಿಬಿಟ್ಟರು: “ಗಾಸ್ಪಾರ್ ನನ್ನದು, ಬೇಕಾದಾಗ ಕೊಡುತ್ತೇನೆ. ಕಾರ್ವೆಲ್ ನನ್ನದಲ್ಲ. ನನ್ನ ಹಿಂದಿನವರದು, ನನ್ನ ಮುಂದಿನವರದು. ನಾನು ಬರೀ ಹೊರುವವನು.” ಅದರ ಮೇಲೆ ಯಾರೂ ಒತ್ತಾಯ ಮಾಡಲಿಲ್ಲ. ಮನೆತನದ ಮಾತು ನಮ್ಮವರಿಗೂ ಗೊತ್ತು.

ಹೀಗೆ ನಾಲ್ಕು ಸುಗ್ಗಿ ಕಳೆದವು. ತೋಪಿನ ಕೆಲಸವನ್ನು ಅವರು ನನಗೆ ಪೂರ್ತಿ ಕಲಿಸಿದರು. ಮದ್ದು ಎಷ್ಟು, ಬಾಯಿ ಎಷ್ಟು ಎತ್ತರ, ಗಾಳಿ ಯಾವ ಕಡೆ, ಗುಂಡು ಎಲ್ಲಿ ಬೀಳುತ್ತದೆ ಎಂಬುದನ್ನೆಲ್ಲ ತಪ್ಪು ಮಾಡಿಸಿ ಮಾಡಿಸಿ ಕಲಿಸಿದರು. ತಪ್ಪಿದಾಗ ಅವರ ಭಾಷೆಯಲ್ಲಿ ಬೈಯುತ್ತಿದ್ದರು. ಹಾಗಾಗಿ ಆ ಭಾಷೆಯೂ ಅಷ್ಟಿಷ್ಟು ಬಂತು. ನಾನು ಗುರಿ ಹಿಡಿಯುತ್ತಿದ್ದೆ, ಅವರು “ಹೊಡೆಯಿರಿ” ಎನ್ನುತ್ತಿದ್ದರು. ನಾನು ಹಾಗೆಂದರೆ ಬತ್ತಿ ಹಿಡಿದವನ ಕೈ ಏಳುತ್ತಿರಲಿಲ್ಲವಲ್ಲ.

ಐದನೇ ವರ್ಷ ಕರಾವಳಿಯಿಂದ ಬ್ರೊಸಾರ್ ಎಂಬ ಪರಂಗಿ ಅಧಿಕಾರಿ ಬಂದ. ಸಾಹೇಬರ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಕಲ್ಲುಮನೆ, ನೆಲ, ಪದವಿ ಎಲ್ಲ ಈಗ ಇವರದು. ಹಳೆಯ ಸೇನಾಪತಿ ಸತ್ತು ಅರಸನೂ ಮನ್ನಿಸಿದ್ದ. ಹಿಂತಿರುಗಿದರೆ ಅವರ ಹಳೇ ಪಡೆಯೂ ಕಾದಿತ್ತು. ಅಂದು ಸಾಹೇಬರು ನಕ್ಕದ್ದನ್ನು ನೋಡಬೇಕಿತ್ತು, ಹತ್ತು ವರ್ಷ ಕಿರಿಯರಾದ ಹಾಗಿತ್ತು. ಆದರೆ ಅದೇ ಹೊತ್ತಿಗೆ ಉತ್ತರದ ದಂಡು ಸರದಾರ ರುಸ್ತುಂ ಬೇಗನ ಹಿಂದೆ ನಮ್ಮ ಕಡೆ ಹೊರಟಿತ್ತು.

“ಈಗಲೇ ಹೊರಡಿ,” ಎಂದ ಬ್ರೊಸಾರ್. “ಆಮೇಲೆ ದಾರಿ ಮುಚ್ಚುತ್ತದೆ.”

“ಕೋಟೆ ಕಾಯುತ್ತೇನೆ ಎಂದು ಇವರಿಗೆ ಮಾತು ಕೊಟ್ಟಿದ್ದೇನೆ,” ಎಂದರು ಸಾಹೇಬರು. “ಕಾಳಗ ಮುಗಿಯಲಿ. ಕಾರ್ವೆಲ್ ಆಗ ಬರುತ್ತಾನೆ.”

ಬ್ರೊಸಾರ್ ಬೈದುಕೊಂಡು ಹಿಂತಿರುಗಿದ. ದಂಡು ಬಂದು ಬಯಲು ತುಂಬಿತು.

ಮುತ್ತಿಗೆಯ ಕತೆಯನ್ನು ಲಾವಣಿಯವರು ಬೇಕಾದಷ್ಟು ಹಾಡಿದ್ದಾರೆ, ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಮಳೆಗಾಲವೆಲ್ಲ ಅವರು ಹೊಡೆದರು, ನಾವು ಹೊಡೆದೆವು. ಕತ್ತಲಾದೊಡನೆ ಕಾವಲಿನವರು ಬುರುಜಿನಿಂದ ಬುರುಜಿಗೆ ದಳವಾಯಿಯ ಹೆಸರು ಹಿಡಿದು ಕೂಗುತ್ತಿದ್ದರು: “ಕಾರ್ವೆಲ್ ಎಚ್ಚರ! ಕಾರ್ವೆಲ್ ಎಚ್ಚರ!” ಕೂಗು ಇಡೀ ಕೋಟೆಯನ್ನು ಸುತ್ತಿ ಬರುತ್ತಿತ್ತು, ಕೆಳಗಿನ ಪಾಳೆಯಕ್ಕೂ ಕೇಳಿಸುತ್ತಿತ್ತು. ಉತ್ತರದ ಬಾಗಿಲಿನ ಮುಖಂಡ ಸತ್ತಾಗ ಸಾಹೇಬರು ಗಾಸ್ಪಾರ್ ಎಂಬುದನ್ನು ಕುಂಬಾರರ ಮನೆಯವನೊಬ್ಬನಿಗೆ ಕೊಟ್ಟು ಅವನನ್ನು ಅಲ್ಲಿ ನಿಲ್ಲಿಸಿದರು. ಗಸ್ಪಾರಪ್ಪ ಕೊನೆಯ ತನಕ ಬಾಗಿಲು ಬಿಡಲಿಲ್ಲ.

ಮಳೆ ನಿಂತ ಮೊದಲ ಬಿಸಿಲಿನ ದಿನ ಶತ್ರುಗಳ ದೊಡ್ಡ ತೋಪುಗಳು ಮೂಡಲ ಬುರುಜಿನ ಪಕ್ಕದ ಗೋಡೆಯನ್ನು ಒಡೆದವು. ಧೂಳು ಇಳಿಯುವ ಮೊದಲೇ ಅವರ ಜನ ಕಂದಕ ತುಂಬಲು ಹುಲ್ಲಿನ ಹೊರೆ ಎಸೆಯುತ್ತಾ ಓಡಿ ಬರತೊಡಗಿದರು. ಗೋಡೆ ಒಡೆದ ಜಾಗಕ್ಕೆ ಎದುರಾಗಿ ನಾವು ಎರಡು ತೋಪುಗಳನ್ನು ಮೊದಲೇ ಎಳೆದು ತಂದು, ಒಮ್ಮೆಲೇ ಚೆದುರುವ ಚಿಲ್ಲರೆ ಗುಂಡು ತುಂಬಿ ಕಾಯುತ್ತಿದ್ದೆವು. ಸಾಹೇಬರು ಗೋಡೆಯ ತುದಿಯಲ್ಲಿ, ಎಲ್ಲರಿಗೂ ಕಾಣುವಂತೆ, ಟೋಪಿ ಹಾಕಿಕೊಂಡು ನಿಂತಿದ್ದರು. ಒಂದು ಗುಂಡು ಕಲ್ಲಿಗೆ ಬಡಿದು ಚೂರುಗಳು ಹಾರಿದವು. ಅವರು ಕೆಳಗೆ ಉರುಳಿ ನನ್ನ ಕಾಲ ಹತ್ತಿರ ಬಿದ್ದರು. ತೊಡೆ ಸೀಳಿತ್ತು, ಎಲುಬು ಕಾಣುತ್ತಿತ್ತು. ಕೆಳಗಿನಿಂದ ಶತ್ರುಗಳ ಜಯಕಾರ ಕೇಳಿಸಿತು, ಸಾಹೇಬರು ಬಿದ್ದದ್ದನ್ನು ಅವರು ಕಂಡಿದ್ದರು.

ಸಾಹೇಬರು “ಹೊಡೆಯಿರಿ” ಎನ್ನಲು ನೋಡಿದರು. ದನಿ ಏಳಲಿಲ್ಲ, ಪಿಸುಮಾತಷ್ಟೇ ಉಳಿದಿತ್ತು. ನಾನು ಕೂಗಿದೆ, “ತಿರುಗ್ಸ್ರೋ, ಎಡಕ್ಕೆ! ಹೊಡೀರಿ!” ಬತ್ತಿ ಹಿಡಿದವರು ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ಒಬ್ಬನ ಕೈಯೂ ಏಳಲಿಲ್ಲ. “ಆಗ್ತಿಲ್ಲ ಅಕ್ಕಾ, ಆಗ್ತಿಲ್ಲ,” ಎಂದು ಒಬ್ಬ ಅತ್ತೇಬಿಟ್ಟ.

ಸಾಹೇಬರು ನನ್ನ ತೋಳು ಹಿಡಿದು ಕೆಳಗೆ ಎಳೆದರು. ಅವರ ತುಟಿ ನನ್ನ ಕಿವಿಯ ಕಡೆ ಬರುತ್ತಿದೆ ಎಂದು ತಿಳಿದ ಕೂಡಲೇ ನಾನು ಮುಖ ತಿರುಗಿಸಿದೆ.

“ಬ್ಯಾಡ ಸಾಹೇಬ್ರೇ. ಅದು ನಿಮ್ಮ ಅಜ್ಜಂದಿರದು. ನಿಮ್ಮ ಮನೆ ಕಾಯ್ತೈತೆ.”

“ಸುಮ್ಮನಿರಿ,” ಎಂದರು ಅವರು. ನೋವಿಗೆ ಹಲ್ಲು ಕಚ್ಚಿಕೊಂಡಿದ್ದರು. “ನಾನು ಸತ್ತರೆ ಅದು ನನ್ನ ಜೊತೆ ಸಾಯುತ್ತದೆ. ನಿಮ್ಮ ಹತ್ತಿರ ಇದ್ದರೆ ಸೇತುವೆಯ ಮೇಲೆ ನಿಲ್ಲುತ್ತದೆ. ಇದು ಅಪ್ಪಣೆ. ಕಿವಿ ಕೊಡಿ.”

ಕಿವಿ ಕೊಟ್ಟೆ. ಅವರು ಉಸುರಿದರು. ಹೇಗಿತ್ತು ಎಂದು ಎಷ್ಟೋ ಜನ ಕೇಳಿದ್ದಾರೆ. ಹೊಸ ನೊಗ ಹೆಗಲಿಗೆ ಬಿದ್ದಾಗ ಎತ್ತು ಒಮ್ಮೆ ಮೈ ಜಾಡಿಸಿ ಕಾಲೂರುತ್ತದಲ್ಲ, ಹಾಗಿತ್ತು. ಎದ್ದು ನಿಂತೆ. ಹೊರೆ ಹೊತ್ತವರು ಆಗಲೇ ಕಂದಕ ದಾಟಿ ಒಡೆದ ಗೋಡೆ ಹತ್ತುತ್ತಿದ್ದರು.

“ಎಡಕ್ಕೆ ಒಂದು ಗೇಣು!” ಎಂದೆ. ಗಾಲಿ ಕಿರ್ರೆಂದು ತಿರುಗಿತು. ಅಷ್ಟು ವರ್ಷ ನನ್ನ ಮಾತಿಗೆ ಕದಲದ ಗಂಡಸರು ತೋಪಿಗೆ ಹೆಗಲು ಕೊಟ್ಟು ತಳ್ಳುತ್ತಿದ್ದರು. “ತಡೀರಿ. ತಡೀರಿ. ಇನ್ನೂ ಬರ್ಲಿ.” ಮೊದಲನೆಯವನ ಮುಖ ಕಾಣುವ ತನಕ ತಡೆದೆ. “ಹೊಡಿ!”

ಮಧ್ಯಾಹ್ನದೊಳಗೆ ಮೂರು ಸಲ ಬಂದರು, ಮೂರು ಸಲ ಹಿಂತಿರುಗಿದರು. ಸಂಜೆ ಕಂದಕದ ಆಚೆ ಯಾರೂ ಇರಲಿಲ್ಲ. ಕತ್ತಲಾಯಿತು, ಕಾವಲಿನವರು ಎಂದಿನಂತೆ ಕೂಗಿದರು: “ಕಾರ್ವೆಲ್ ಎಚ್ಚರ!” ಕೂಗು ಕೋಟೆ ಸುತ್ತಿತು. ತಮ್ಮ ಕಣ್ಣೆದುರೇ ಬಿದ್ದ ಮನುಷ್ಯ ಇನ್ನೂ ಗೋಡೆಯ ಮೇಲಿದ್ದಾನೆ ಎಂದು ಪಾಳೆಯದವರು ತಿಳಿದರಂತೆ. ಆ ಹೆಸರನ್ನು ಕೊಲ್ಲಲಾಗುವುದಿಲ್ಲ ಎಂಬ ಮಾತು ಗುಡಾರದಿಂದ ಗುಡಾರಕ್ಕೆ ಹರಿದು, ಆ ವಾರದಲ್ಲೇ ದಂಡು ಗೂಟ ಕಿತ್ತಿತು.

ಸಾಹೇಬರು ಸಾಯಲಿಲ್ಲ. ಅಗಸ್ತವ್ವ ಹಗಲಿರುಳು ಕೂತು, ಸೊಪ್ಪು ಅರೆದು ಕಟ್ಟಿ, ಬೈದು, ಗಂಜಿ ಕುಡಿಸಿ ಉಳಿಸಿಕೊಂಡಳು. ಕಾಲು ಮಾತ್ರ ಸೊಟ್ಟಗಾಯಿತು, ಬಗಲಿಗೆ ಕೋಲು ಬಂತು. ಹೆಸರಿಲ್ಲದವರು ದಳವಾಯಿ ಆಗುವಂತಿಲ್ಲ. ಕೆಂಚನಾಯಕರು ತುಂಬಿದ ಸಭೆಯಲ್ಲಿ ಕತ್ತಿಯನ್ನು ನನ್ನ ಕೈಗಿಟ್ಟರು. ಸಾಹೇಬರು ಕೋಲೂರಿ ನಿಂತು ಎಲ್ಲರಿಗಿಂತ ಮೊದಲು ತಲೆ ಬಾಗಿಸಿದರು. ಬಾಗಿದ ತಲೆ ಎತ್ತಲು ತುಸು ತಡವಾಯಿತು. ಅಂದು ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲಿಲ್ಲ. ಮುಂದಿನ ಕೆಲವು ದಿನ ಅವರು ಕೊಟ್ಟಿಗೆಯ ಮುಂದೆ ಒಬ್ಬರೇ ಕೂರುತ್ತಿದ್ದರು.

ದಾರಿ ತೆರೆದ ಕೂಡಲೇ ಬ್ರೊಸಾರ್ ಮತ್ತೆ ಬಂದ. ಈ ಸಲ ಎರಡು ಕುದುರೆ ತಂದಿದ್ದ, ಒಂದು ಸಾಹೇಬರಿಗೆ. ಅವರು ಕೊಟ್ಟಿಗೆಯ ಮುಂದೆ ಬಿಸಿಲಿನಲ್ಲಿ ಕೂತು ಎತ್ತು ಕಟ್ಟುವ ಮಿಣಿ ಹಗ್ಗ ಹೊಸೆಯುತ್ತಿದ್ದರು. ನಾನು ಒಳಗೆ ಎತ್ತಿಗೆ ಹುಲ್ಲು ಹಾಕುತ್ತಿದ್ದೆ. ಬ್ರೊಸಾರ್ ದೂರದಿಂದಲೇ ಖುಷಿಯಾಗಿ ಕೂಗಿದ: “ಕಾರ್ವೆಲ್!”

ಸಾಹೇಬರು ತಲೆ ಎತ್ತಲಿಲ್ಲ. ಹುಲ್ಲಿನ ಕಟ್ಟು ಹಿಡಿದುಕೊಂಡೇ ನಾನು ಹೊರಗೆ ಬಂದು, “ಏನು?” ಎಂದೆ.

ವಿಷಯ ತಿಳಿಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನ ಮುಖ ಕೆಂಪಾಯಿತು. “ಇದು ಈ ಊರಿನ ಹುಚ್ಚು,” ಎಂದು ತಮ್ಮಿಬ್ಬರ ಭಾಷೆಯಲ್ಲಿ ರೇಗಿದ. “ಬಾಗಿಲು ದಾಟಿದರೆ ಇದೊಂದೂ ನಡೆಯುವುದಿಲ್ಲ. ಕುದುರೆ ಹತ್ತಿ. ಹೊರಗೆ ನೀವು ಕಾರ್ವೆಲ್ಲೇ.”

ನಾನು ಹುಲ್ಲು ಕೆಳಗಿಟ್ಟು ಸಾಹೇಬರ ಪಕ್ಕ ಕುಕ್ಕರುಗಾಲಲ್ಲಿ ಕೂತೆ. “ಕಾಳಗ ಮುಗೀತಲ್ಲ ಸಾಹೇಬ್ರೇ,” ಎಂದೆ. “ಹೊರಗೆ ಯಾಕೆ, ಇಲ್ಲೇ ತಗೊಳ್ರಿ. ಕಿವಿ ಕೊಡ್ರಿ, ಹಿಂದಕ್ಕೆ ಕೊಡ್ತೀನಿ. ನಿಮ್ಮ ಮನೆ ಬಾಗ್ಲು ನನ್ನ ದೆಸೆಯಿಂದ ಮುಚ್ಚಬಾರ್ದು.” ಮನಸಾರೆ ಹೇಳಿದೆ. ಬಿಟ್ಟುಕೊಡುವುದು ಸುಲಭವಿರಲಿಲ್ಲ, ಅದೂ ನಿಜ.

ಅವರು ಹೊಸೆಯುತ್ತಿದ್ದ ಮಿಣಿಯನ್ನು ಪಕ್ಕಕ್ಕಿಟ್ಟರು. ಉಳಿದ ಒಂದೂವರೆ ಕಿವಿಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡರು. ಅಷ್ಟು ದೊಡ್ಡ ಮನುಷ್ಯ, ಮಗುವಿನಂತೆ! ನನಗೆ ನಗು ಬಂತು, ಅವರಿಗೂ ಬಂತು. ನಗುತ್ತಲೇ ಬ್ರೊಸಾರನ ಕಡೆ ತಿರುಗಿದರು.

“ಕೊಟ್ಟಿದ್ದೇನೆ,” ಎಂದರು. “ಬಾಗಿಲ ಒಳಗೂ ಕೊಟ್ಟಿದ್ದೇನೆ, ಹೊರಗೂ ಕೊಟ್ಟಿದ್ದೇನೆ. ನನ್ನ ಅಜ್ಜನಿಗೆ ಆ ಹೆಸರು ಬಂದದ್ದು ಹುಟ್ಟಿನಿಂದಲ್ಲ, ಸೇತುವೆ ಬಿಡದೆ ನಿಂತದ್ದರಿಂದ. ಅವನ ನಂತರ ಹಾಗೆ ಸಂಪಾದಿಸಿಕೊಂಡವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಈಗ ಒಬ್ಬರು ಸಿಕ್ಕಿದ್ದಾರೆ.”

“ನಿಮ್ಮ ವಂಶ ಇಲ್ಲಿಗೆ ಮುಗಿಯಿತು ಎಂದು ಅರಸನಿಗೆ ಹೇಳಲೇ?” ಎಂದ ಬ್ರೊಸಾರ್.

“ಮುಗಿದಿಲ್ಲ ಎಂದು ಹೇಳಿ. ಎತ್ತಿಗೆ ಹುಲ್ಲು ಹಾಕುತ್ತಿದೆ ಎಂದು ಹೇಳಿ.”

ಬ್ರೊಸಾರ್ ಎರಡು ಕುದುರೆಗಳನ್ನೂ ಹಿಡಿದುಕೊಂಡು ಹಿಂತಿರುಗಿದ. ಕಲ್ಲುಮನೆ ಯಾರ ಪಾಲಾಯಿತೋ ನಮಗೆ ಗೊತ್ತಾಗಲಿಲ್ಲ. ಸಾಹೇಬರು ಅದನ್ನು ಕೇಳಲೂ ಇಲ್ಲ.

ಆಮೇಲಿನ ವರ್ಷಗಳು ಒಳ್ಳೆಯ ವರ್ಷಗಳು. ಅವರು ನನ್ನ ದಂಡಿನಲ್ಲಿ ಸಿಪಾಯಿಯಾಗಿ ಸಂಬಳ ಪಡೆದರು, ಹೆಚ್ಚೇನೂ ಬೇಡ ಎಂದರು. ಬೆಳಗಿನ ಕವಾಯತಿಗೆ ಎಲ್ಲರಿಗಿಂತ ಮೊದಲು ಬಂದು, ಹೆಸರಿಲ್ಲದವರ ಸಾಲಿನ ತುದಿಯಲ್ಲಿ ಕೋಲೂರಿ ನೆಟ್ಟಗೆ ನಿಲ್ಲುತ್ತಿದ್ದರು. ಮೊದಮೊದಲು ಅವರಿಗೆ ಅಪ್ಪಣೆ ಕೊಡಲು ನನಗೆ ಬಾಯಿ ಬರುತ್ತಿರಲಿಲ್ಲ. ಒಂದು ದಿನ ಬದಿಗೆ ಕರೆದು ಗದರಿದರು: “ನನಗೊಬ್ಬನಿಗೆ ಮೆತ್ತಗೆ ಹೇಳಿದರೆ ಬೇರೆಯವರು ಏನು ತಿಳಿಯುತ್ತಾರೆ? ಗಟ್ಟಿಯಾಗಿ ಹೇಳಿ.” ಮರುದಿನದಿಂದ ಗಟ್ಟಿಯಾಗಿ ಹೇಳಿದೆ. ನನ್ನ ಗುರಿ ತಪ್ಪಿದರೆ ಮಾತ್ರ ಅವರು ಹಳೇ ರೀತಿಯಲ್ಲೇ, ತಮ್ಮ ಭಾಷೆಯಲ್ಲಿ, ಸಾಲಿನ ತುದಿಯಿಂದ ಗೊಣಗುತ್ತಿದ್ದರು. ಜನ ಅವರನ್ನು ಸಾಹೇಬರು ಎಂದೇ ಕರೆದರು. ಅದು ಹೆಸರಲ್ಲ, ಆದರೆ ನಮ್ಮೂರಿನಲ್ಲಿ ಆ ಮಾತು ಅವರೊಬ್ಬರಿಗೇ ಮೀಸಲಾಯಿತು. ಒಂದು ಚಳಿಗಾಲದಲ್ಲಿ ಜ್ವರ ಬಂದು, ಎತ್ಯಾನಪ್ಪನ ಮನೆಯ ಜಗಲಿಯಲ್ಲಿ, ಅವನ ಮಕ್ಕಳ ನಡುವೆ ಮಲಗಿ ತೀರಿಕೊಂಡರು. ಕಷ್ಟಪಡಲಿಲ್ಲ. ಅದರ ಬಗ್ಗೆ ಹೇಳುವುದು ಇಷ್ಟೇ. ಹೇಳಬೇಕಾದ್ದು ಬೇರೆ ಇದೆ, ಅದು ಅದಕ್ಕಿಂತ ಮೂರು ವರ್ಷ ಹಿಂದಿನದು.

ಉತ್ತರದ ದಂಡು ಆಗ ಎರಡನೇ ಸಲ ಬಂತು. ಕಾಳಗಕ್ಕಲ್ಲ, ಒಪ್ಪಂದಕ್ಕೆ. ಅವರಿಗೆ ಬೇರೆ ಕಡೆ ಬೇರೆ ವೈರಿ ಹುಟ್ಟಿದ್ದ, ನಮ್ಮ ಕಡೆ ನೆಮ್ಮದಿ ಬೇಕಿತ್ತು. ರುಸ್ತುಂ ಬೇಗನಿಗೆ ಗಡ್ಡ ಬೆಳ್ಳಗಾಗಿತ್ತು. ದೊರೆಗಳ ಮುದ್ರೆ ಆಮೇಲೆ ಬೀಳಲಿ, ಮೊದಲು ತನ್ನನ್ನು ಹಿಂದಟ್ಟಿದ ಕಾರ್ವೆಲ್ ಕೈಗೆ ಕೈ ಕೊಡಬೇಕು ಎಂದು ಹೇಳಿ ಕಳಿಸಿದ. ಕಂದಕದ ಆಚೆ, ಬಯಲಿನಲ್ಲಿ, ಎರಡೂ ಕಡೆಯವರು ಸಾಲಾಗಿ ನಿಂತೆವು. ನಾನು ಮುಂದೆ, ನನ್ನ ಹಿಂದೆ ತೋಪಿನವರು, ಸಾಲಿನ ತುದಿಯಲ್ಲಿ ಸಾಹೇಬರು.

ರುಸ್ತುಂ ಬೇಗ್ ಕುದುರೆಯಿಂದ ಇಳಿದು ನಡೆದು ಬಂದ. ನನ್ನನ್ನು ನೋಡಿದ, ದಾಟಿದ. ಸಾಲನ್ನೆಲ್ಲ ಕಣ್ಣಲ್ಲಿ ಹುಡುಕಿ, ಬಿಳಿ ಮುಖ ಕಂಡೊಡನೆ ಅವನ ಹೆಜ್ಜೆ ಚುರುಕಾಯಿತು. ಸಾಹೇಬರ ಮುಂದೆ ನಿಂತು, ಸೊಂಟದ ಕತ್ತಿಯನ್ನು ಬಿಚ್ಚಿ ಎರಡೂ ಅಂಗೈ ಮೇಲೆ ಹಿಡಿದು ಚಾಚಿದ.

“ಕಾರ್ವೆಲ್,” ಎಂದ, ಅಡಕವಾದ ದನಿಯಲ್ಲಿ. “ನೀವು ಬಿದ್ದದ್ದನ್ನು ನಾನೇ ಕಣ್ಣಾರೆ ಕಂಡೆ. ಅಂದು ರಾತ್ರಿ ಗೋಡೆಯ ಮೇಲೆ ನಿಮ್ಮ ಹೆಸರು ಕೇಳಿ ನಾನು ಊಟ ಬಿಟ್ಟೆದ್ದೆ. ನನ್ನ ಆಯಸ್ಸಿನಲ್ಲಿ ಅಂಥ ದಳವಾಯಿಯನ್ನು ಕಾಣಲಿಲ್ಲ.”

ನಾವು ನಿಂತದ್ದು ಬಾಗಿಲಿನ ಹೊರಗೆ. ಬ್ರೊಸಾರ್ ಹೇಳಿದ್ದು ನಿಜ, ಊರಿನ ಕಟ್ಟು ಅಲ್ಲಿ ನಡೆಯುವುದಿಲ್ಲ. ಆ ಹೆಸರು ರುಸ್ತುಂ ಬೇಗನ ಬಾಯಿಂದ ಹೊರಟು ಸಾಹೇಬರ ಮುಂದೆ ನಿಂತಿತ್ತು, ಹ್ಞೂಂ ಎಂದರೆ ಸಾಕಿತ್ತು. ಅವರ ಅಜ್ಜಂದಿರ ಹೆಸರು, ವೈರಿಯ ಬಾಯಲ್ಲಿ, ಎರಡು ದಂಡುಗಳ ನಡುವೆ, ಅಷ್ಟು ಮರ್ಯಾದೆಯಿಂದ. ಹುಟ್ಟಿದಾಗಿನಿಂದ ಅವರು ಇದೊಂದು ಗಳಿಗೆಗೆ ದುಡಿದಿದ್ದರು. ಅವರು ಹ್ಞೂಂ ಎಂದಿದ್ದರೆ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಸಾಹೇಬರು ಕೋಲನ್ನು ಬಗಲಿಗೆ ಬಿಗಿಮಾಡಿಕೊಂಡು ಇನ್ನೂ ನೆಟ್ಟಗಾದರು. ಆ ವಯಸ್ಸಿನಲ್ಲೂ ಎಂಥ ನಿಲುವು! ಕತ್ತಿಯ ಕಡೆ ಕೈ ಚಾಚಲಿಲ್ಲ.

“ತಪ್ಪು ತಿಳಿದಿದ್ದೀರಿ,” ಎಂದರು, ಎರಡೂ ಸಾಲುಗಳಿಗೆ ಕೇಳಿಸುವಂತೆ. “ಅಂದು ಬಿದ್ದವನು ನಾನು. ನಿಂತವರು ಅವರು. ಕಾರ್ವೆಲ್ ಅಲ್ಲಿದ್ದಾರೆ. ನಾನು ಕಾರ್ವೆಲ್ ಅವರ ಸಿಪಾಯಿ.”

ರುಸ್ತುಂ ಬೇಗ್ ತಿರುಗಿದ. ಮದ್ದಿನಿಂದ ಕಪ್ಪಾದ ನನ್ನ ಬೆರಳುಗಳನ್ನೂ, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆಯನ್ನೂ, ಸೊಂಟದ ಕತ್ತಿಯನ್ನೂ ನೋಡಿದ. ಮತ್ತೊಮ್ಮೆ ಸಾಹೇಬರ ಮುಖ ನೋಡಿದ. ಅಲ್ಲಿ ಏನು ಕಂಡನೋ, ನಗಲಿಲ್ಲ. ದಾಟಿ ಹೋದಷ್ಟೂ ದೂರ ಹಿಂದಕ್ಕೆ ನಡೆದು ಬಂದು, ನನ್ನ ಮುಂದೆ ಬಾಗಿ, ಕತ್ತಿ ಹಿಡಿದ ಅಂಗೈಗಳನ್ನು ಚಾಚಿದ.

ನಾನು ಸೆರಗಿಗೆ ಕೈ ಒರೆಸಿಕೊಂಡು ಒಂದು ಹೆಜ್ಜೆ ಮುಂದೆ ಇಟ್ಟೆ.